ಫೈಟರ್ ಮೀನಿನ ಜೊತೆ ಯಾರನ್ನು ಬಿಡಬಹುದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬೆಟ್ಟಾ ಬಗ್ಗೆ. ಅಂದರೆ ನಮ್ಮಲ್ಲಿ ಎಲ್ಲರೂ ಫೈಟರ್ ಅಂತ ಕರೆಯುವ ಮೀನು. ಎಲ್ಲರ ಚಿಂತೆಯೂ ಹೆಚ್ಚುಕಡಿಮೆ ಒಂದೇ: ಅದಕ್ಕೆ ಜೊತೆ ಬೇಕಾ, ಬೇಕಾದರೆ ಯಾರು? ನಾಲ್ಕು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ಮಗನ ಹುಟ್ಟುಹಬ್ಬಕ್ಕೆ ಒಂದು ಅಡಿ ಟ್ಯಾಂಕ್, ಅದಕ್ಕೊಂದು ನೀಲಿ ಫೈಟರ್ ತಂದೆವು. ಉದ್ದ ಬಾಲದ್ದು, ಹಾಫ್‌ಮೂನ್ ಅಂದರು. 'ಪಾಪ, ಒಂದೇ ಇದೆ, ಅದಕ್ಕೆ ಬೇಜಾರಾಗುತ್ತೆ' ಅಂತ ಮಗ ದಿನಾ ಹೇಳುತ್ತಾನೆ. ಅಂಗಡಿಯವರು ನಾಲ್ಕು ಗಪ್ಪಿ, ಒಂದು ಸಕ್ಕರ್ ಹಾಕಿ ಅಂದರು. ಹಾಕಬಹುದಾ? ಟ್ಯಾಂಕ್ 12 ಇಂಚು ಉದ್ದ, 8 ಅಗಲ, 10 ಎತ್ತರ ಇದೆ. (ಮೈಸೂರು)

ಉತ್ತರ: ಎರಡನ್ನೂ ಹಾಕಬೇಡಿ.

ಮೊದಲು ಮಗನ ಮಾತಿಗೆ ಬರುತ್ತೇನೆ. ಅಷ್ಟು ಕಾಳಜಿ ಇರುವ ಹುಡುಗನಿಗೆ ಸರಿಯಾದ ಉತ್ತರ ಸಿಗಬೇಕು. ಈ ಮೀನು ಒಂಟಿಯಾಗಿಯೇ ಇರುವಂಥದ್ದು. ಇದರ ತವರು ಥಾಯ್ಲೆಂಡ್. ಅಲ್ಲಿ ಭತ್ತದ ಗದ್ದೆ, ಜೌಗು, ಮೆಲ್ಲಗೆ ಹರಿಯುವ ಕಾಲುವೆಗಳಲ್ಲಿ ಒಂದೊಂದು ಗಂಡು ಒಂದೊಂದು ಜಾಗ ಹಿಡಿದುಕೊಂಡಿರುತ್ತದೆ. ನೀರಿನ ಮೇಲೆ ಬಾಯಿಂದ ಗುಳ್ಳೆ ಬಿಟ್ಟು ಗೂಡು ಕಟ್ಟುತ್ತದೆ. ಮೊಟ್ಟೆ ಕಾಯುವುದೂ ಗಂಡೇ. ಹತ್ತಿರ ಇನ್ನೊಂದು ಮೀನು ಸುಳಿದರೆ ಓಡಿಸುವುದು ಅದರ ಹುಟ್ಟುಗುಣ. ಸಾಲದ್ದಕ್ಕೆ ಮನುಷ್ಯರು ಇದನ್ನು ತಲೆಮಾರುಗಳಿಂದ ಕಾದಾಟಕ್ಕೆಂದೇ ಆರಿಸಿ ಬೆಳೆಸಿದ್ದಾರೆ. ಥಾಯ್ ಜನ ಇದನ್ನು ಪ್ಲಾ ಕಾಟ್ ಅನ್ನುತ್ತಾರೆ, ಕಚ್ಚುವ ಮೀನು ಅಂತ ಅರ್ಥ. 2019ರಲ್ಲಿ ಥಾಯ್ಲೆಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಮಗನಿಗೆ ಇದನ್ನು ಹೇಳಿ, ಖುಷಿಪಡುತ್ತಾನೆ.

ಇನ್ನು ಅಳತೆ. ಉದ್ದ, ಅಗಲ, ಎತ್ತರವನ್ನು ಇಂಚಿನಲ್ಲಿ ಗುಣಿಸಿ 61ರಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ನಿಮ್ಮದು 15.7 ಲೀಟರ್. ಕೆಳಗೆ ಕಲ್ಲು ಹಾಕಿ, ಮೇಲೆ ಒಂದೂವರೆ ಇಂಚು ಖಾಲಿ ಬಿಟ್ಟರೆ ಉಳಿಯುವ ನೀರು 12 ಲೀಟರ್ ಆಸುಪಾಸು. ಆ ಖಾಲಿ ಜಾಗ ಬಿಡಲೇಬೇಕು. ಫೈಟರ್ ಕಿವಿರಿನಿಂದಷ್ಟೇ ಅಲ್ಲ, ಮೇಲೆ ಬಂದು ಗಾಳಿಯನ್ನೂ ನುಂಗಿ ಉಸಿರಾಡುತ್ತದೆ. ಮುಚ್ಚಳವೂ ಬೇಕು, ಇದು ನೀರಿನಿಂದ ಹೊರಗೆ ಜಿಗಿಯುವ ಮೀನು.

12 ಲೀಟರ್ ಅಂದರೆ ಒಂದು ಬಕೆಟ್ ಕೂಡ ತುಂಬದು. ಅದರಲ್ಲಿ ಗಂಡು ಗಪ್ಪಿ ಬಿಟ್ಟರೆ ಅದರ ಬಣ್ಣದ ದೊಡ್ಡ ಬಾಲ ಫೈಟರ್ ಕಣ್ಣಿಗೆ ಇನ್ನೊಂದು ಫೈಟರ್‌ನಂತೆ ಕಾಣುತ್ತದೆ. ಓಡಿಹೋಗಲು ಜಾಗ ಇಲ್ಲ. ಹೆಣ್ಣು ಗಪ್ಪಿ ಬಿಟ್ಟರೆ ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಸಕ್ಕರ್ ಅಂತ ಮಾರುವ ಮೀನು ಅಂಗಡಿಯಲ್ಲಿ ಬೆರಳಿನಷ್ಟಿರುತ್ತದೆ, ಬೆಳೆದರೆ ಒಂದು ಅಡಿ ದಾಟುತ್ತದೆ. ನಿಮ್ಮ ಟ್ಯಾಂಕೇ ಒಂದು ಅಡಿ! ಪಾಚಿ ತಿಂದು ಟ್ಯಾಂಕ್ ಸ್ವಚ್ಛ ಮಾಡುತ್ತದೆ ಅನ್ನುತ್ತಾರೆ, ಆದರೆ ತಿಂದದ್ದಕ್ಕಿಂತ ಜಾಸ್ತಿ ಗಲೀಜು ಅದೇ ಮಾಡುತ್ತದೆ. ಮೀನಿನ ಹಿಕ್ಕೆಯಿಂದ, ಉಳಿದ ತಿಂಡಿಯಿಂದ ಅಮೋನಿಯಾ ಏಳುತ್ತದೆ. ನೀರು ನೋಡಲು ತಿಳಿಯಾಗಿಯೇ ಇರುತ್ತದೆ, ಮೀನಿನ ಕಿವಿರು ಮಾತ್ರ ಸುಡುತ್ತಿರುತ್ತದೆ. ದೊಡ್ಡದಾಯಿತು ಅಂತ ಸಕ್ಕರ್ ಅನ್ನು ಕೆರೆಗೆ ಬಿಟ್ಟವರನ್ನೂ ನೋಡಿದ್ದೇನೆ. ದಯವಿಟ್ಟು ಆ ಕೆಲಸ ಯಾರೂ ಮಾಡಬೇಡಿ. ಅದು ನಮ್ಮ ನೀರಿನ ಮೀನಲ್ಲ, ಕೆರೆಯಲ್ಲಿ ನೆಲೆಯೂರಿದರೆ ಅಲ್ಲಿರುವ ಮೀನುಗಳ ಪಾಲನ್ನೇ ಕಿತ್ತುಕೊಳ್ಳುತ್ತದೆ.

ನಾನೂ ಒಮ್ಮೆ ಅಂಗಡಿಯವರ ಮಾತು ಕೇಳಿ ಹಾಫ್‌ಮೂನ್ ಜೊತೆ ಎರಡು ಟೈಗರ್ ಬಾರ್ಬ್ ಬಿಟ್ಟಿದ್ದೆ. ರಾತ್ರಿ ಎಲ್ಲ ಶಾಂತವಾಗಿತ್ತು. ಬೆಳಿಗ್ಗೆ ದೀಪ ಹಾಕಿ ನೋಡಿದರೆ ಅದರ ಬಾಲ ಹರಿದ ಬಟ್ಟೆಯ ಅಂಚಿನ ಹಾಗೆ ಎಳೆ ಎಳೆಯಾಗಿತ್ತು. ಹೀಟರ್ ಹಿಂದೆ ಮುದುಡಿ ಕೂತಿತ್ತು. ಬಾಲ ಮತ್ತೆ ಬೆಳೆಯಲು ಎರಡು ತಿಂಗಳು ಹಿಡಿಯಿತು. ಫೈಟರ್ ಬೇರೆಯವರನ್ನು ಕಚ್ಚುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಉದ್ದ ಬಾಲ ಹೊತ್ತು ಬೇಗ ಈಜಲಾಗದೆ ಕಚ್ಚಿಸಿಕೊಳ್ಳುವುದೂ ಅದೇ ಮೀನು.

ನಿಮ್ಮ ಟ್ಯಾಂಕಿಗೆ ಒಂದು ನೆರೈಟ್ ಬಸವನಹುಳು ಸಾಕು. ಅದು ಗಾಜಿನ ಮೇಲಿನ ಪಾಚಿ ತಿನ್ನುತ್ತದೆ. ಸಿಹಿನೀರಿನಲ್ಲಿ ಅದರ ಮೊಟ್ಟೆ ಒಡೆದು ಮರಿಯಾಗುವುದಿಲ್ಲ, ಹಾಗಾಗಿ ಸಂಖ್ಯೆ ಏರುವ ಭಯ ಇಲ್ಲ. ಗಾಜಿನ ಮೇಲೆ ಎಳ್ಳಿನಷ್ಟು ಬಿಳಿ ಚುಕ್ಕೆ ಕಂಡರೆ ಅದೇ ಮೊಟ್ಟೆ, ಕೆರೆದು ತೆಗೆಯಬಹುದು. ಬಿಟ್ಟ ದಿನ ಮಗನನ್ನು ಹತ್ತಿರ ಕೂರಿಸಿಕೊಳ್ಳಿ. ಫೈಟರ್ ಮೆಲ್ಲಗೆ ಬಂದು ಎದುರು ನಿಲ್ಲುತ್ತದೆ. ಒಂದು ಕಣ್ಣಿನಲ್ಲಿ ನೋಡುತ್ತದೆ, ತಿರುಗಿ ಇನ್ನೊಂದು ಕಣ್ಣಿನಲ್ಲಿ ನೋಡುತ್ತದೆ. ಹುಳುವಿನ ಮೀಸೆಗೆ ಒಮ್ಮೆ ಕುಕ್ಕಬಹುದು. ಹುಳು ಚಿಪ್ಪಿನೊಳಗೆ ಸೇರಿ ಅಲ್ಲೇ ಕೂರುತ್ತದೆ. ಎರಡು ದಿನ ಹೀಗೇ ನಡೆದು ಆಮೇಲೆ ಫೈಟರ್ ತನ್ನ ಪಾಡಿಗೆ ತಾನಿರುತ್ತದೆ. ಮೂರನೇ ದಿನವೂ ಕುಕ್ಕುವುದು ನಿಲ್ಲದಿದ್ದರೆ ಹುಳುವನ್ನು ಬೇರೆ ಮಾಡಿ. ಗದ್ದೆಯಿಂದ, ಕೆರೆಯಿಂದ ಹಿಡಿದು ತಂದ ಹುಳು ಬೇಡ. ಅದು ಗಿಡ ಮುಕ್ಕುತ್ತದೆ, ರೋಗವನ್ನೂ ತರಬಹುದು.

ಪ್ರಶ್ನೆ: ನನ್ನದು ಎರಡು ಅಡಿ ಟ್ಯಾಂಕ್, 24 x 12 x 12 ಇಂಚು. ಜೀವಂತ ಗಿಡಗಳಿವೆ. ಎಂಟು ತಿಂಗಳಿಂದ ಒಂದು ಫೈಟರ್ ಮಾತ್ರ ಇದೆ. ಗುಂಪಾಗಿ ಓಡಾಡುವ ಸಣ್ಣ ಮೀನು ಬೇಕು. ಮಿಸ್ ಕೇರಳ ತುಂಬ ಇಷ್ಟ, ಅದನ್ನೇ ತರಲಾ? (ಬೆಂಗಳೂರು)

ಉತ್ತರ: ನಿಮ್ಮದು ಸುಮಾರು 57 ಲೀಟರ್. ಇಲ್ಲಿ ಗುಂಪು ಮೀನಿನ ಮಾತಾಡಬಹುದು. ಆದರೆ ಮಿಸ್ ಕೇರಳ ಬೇಡ. ನಮ್ಮದೇ ಪಶ್ಚಿಮ ಘಟ್ಟದ, ಕೇರಳ ಮತ್ತು ಕರ್ನಾಟಕದ ಹೊಳೆಗಳ ಮೀನು ಅದು, ಚೆಲುವೆಯೇ ಹೌದು. ಆದರೆ ಆರಿಂಚಿನಷ್ಟು ಬೆಳೆಯುತ್ತದೆ, ಹರಿಯುವ ತಂಪು ನೀರು ಬೇಡುತ್ತದೆ, ಬಾಣದಂತೆ ಓಡುತ್ತದೆ. ನಿಂತ ಬೆಚ್ಚಗಿನ ನೀರು ಬೇಡುವ ಫೈಟರ್‌ಗೂ ಅದಕ್ಕೂ ಹೊಂದುವುದಿಲ್ಲ.

ನನ್ನ ಆಯ್ಕೆ ಎಂಬರ್ ಟೆಟ್ರಾ. ಎರಡು ಸೆಂಟಿಮೀಟರ್ ಉದ್ದ, ಕೆಂಡದ ಬಣ್ಣ. ಬಾಲ ಚಿಕ್ಕದು, ಫೈಟರ್‌ಗೆ ಪೈಪೋಟಿ ಅನ್ನಿಸುವುದಿಲ್ಲ. ನೀರಿನ ನಡುಮಟ್ಟದಲ್ಲಿ ಇರುತ್ತದೆ, ಫೈಟರ್‌ಗೆ ಮೇಲ್ಮಟ್ಟ ಬಿಟ್ಟುಕೊಡುತ್ತದೆ. ಎಂಟು ತನ್ನಿ. ಎರಡೋ ಮೂರೋ ತಂದರೆ ಅವು ಹೆದರಿ ಮೂಲೆ ಸೇರುತ್ತವೆ. ಕೆಳಗೆ ಮರಳು ಹಾಸಿದ್ದರೆ ಪಿಗ್ಮಿ ಕೋರಿಡೋರಾಸ್ ಅನ್ನುವ ಪುಟ್ಟ ಮೀನು ಕೂಡ ಒಳ್ಳೆಯದು, ಅದೂ ಆರರಿಂದ ಎಂಟರ ಗುಂಪು. ಎರಡು ಗುಂಪನ್ನು ಒಂದೇ ಸಲ ತರಬೇಡಿ. ಸೆರ್ಪೆ ಟೆಟ್ರಾ, ಟೈಗರ್ ಬಾರ್ಬ್ ಬಾಲ ಕಚ್ಚುತ್ತವೆ. ಗೌರಾಮಿ ಫೈಟರ್‌ನ ದಾಯಾದಿ, ಜಗಳ ಖಾಯಂ. ಏಂಜೆಲ್ ತುಂಬಾ ದೊಡ್ಡದಾಗುತ್ತದೆ. ಗೋಲ್ಡ್‌ಫಿಶ್‌ಗೆ ತಂಪು ನೀರು ಬೇಕು, ಗಲೀಜೂ ವಿಪರೀತ.

ನಿಮ್ಮಲ್ಲಿ ತೊಡಕು ಒಂದೇ. ಎಂಟು ತಿಂಗಳಲ್ಲಿ ಫೈಟರ್ ಆ ಟ್ಯಾಂಕ್ ಪೂರ್ತಿ ತನ್ನದು ಅಂದುಕೊಂಡಿದೆ. ಹೊಸ ಮೀನನ್ನು ಸುಮ್ನೆ ಒಳಗೆ ಸುರಿದರೆ ಅಟ್ಟಾಡಿಸುತ್ತದೆ. ನಾನು ಮಾಡುವುದು ಹೀಗೆ: ಟೆಟ್ರಾಗಳನ್ನು ಮೊದಲು ಸ್ಪಾಂಜ್ ಫಿಲ್ಟರ್ ಹಾಕಿದ ಟಬ್ಬಿನಲ್ಲಿ ಮೂರು ವಾರ ಬೇರೆ ಇಡುತ್ತೇನೆ. ರೋಗ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಬಿಡುವ ದಿನ ಫೈಟರ್ ಅನ್ನು ಅದೇ ನೀರಿನ ಒಂದು ಡಬ್ಬಿಗೆ ಹಾಕಿ, ಕಲ್ಲು, ಕಟ್ಟಿಗೆ, ಒಂದೆರಡು ಗಿಡದ ಜಾಗ ಬದಲಾಯಿಸುತ್ತೇನೆ. ಟೆಟ್ರಾಗಳನ್ನು ಬಿಟ್ಟು ಒಂದೆರಡು ಗಂಟೆ ಅವು ಓಡಾಡಿಕೊಳ್ಳಲಿ ಅಂತ ಕಾಯುತ್ತೇನೆ. ಆಮೇಲೆ ದೀಪ ಆರಿಸಿ ಫೈಟರ್ ಅನ್ನು ಬಿಡುತ್ತೇನೆ. ಈಗ ಅದೂ ಹೊಸಬನೇ.

ಮೊದಲ ವಾರ ದಿನಾ ಗಮನಿಸಿ. ಕಿವಿರ ಮುಚ್ಚಳ ಕೊಡೆಯ ಹಾಗೆ ಅರಳಿಸಿ ಒಂದೆರಡು ಸಲ ಹೆದರಿಸುವುದು ಮಾಮೂಲು. ಆದರೆ ಒಂದೇ ಮೀನಿನ ಹಿಂದೆ ಬಿದ್ದಿದೆ, ಯಾರದ್ದಾದರೂ ಬಾಲ ಹರಿದಿದೆ, ಫೈಟರ್ ಬಣ್ಣ ಕಳೆದುಕೊಂಡು ರೆಕ್ಕೆ ಮುದುಡಿಕೊಂಡಿದೆ, ಊಟ ಬಿಟ್ಟಿದೆ ಅಂದರೆ ಅದೇ ದಿನ ಬೇರೆ ಮಾಡಿ. 'ನಾಳೆ ಸರಿಹೋಗಬಹುದು' ಅಂತ ಕಾಯಬೇಡಿ. ಕೆಲವು ಫೈಟರ್‌ಗಳು ಜನ್ಮದಲ್ಲೂ ಜೊತೆ ಒಪ್ಪುವುದಿಲ್ಲ, ಅದು ಅದರ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಅದಕ್ಕೇ ಆ ಟಬ್ಬು, ಫಿಲ್ಟರ್ ಎತ್ತಿಡಬೇಡಿ. ಅದು ಸಿದ್ಧ ಇಲ್ಲದೆ ಜೊತೆಗಾರರನ್ನು ತರಲೇಬೇಡಿ ಅನ್ನುತ್ತೇನೆ ನಾನು.

ಬೆಂಗಳೂರಿನ ಡಿಸೆಂಬರ್, ಜನವರಿ ರಾತ್ರಿಗಳಿಗೆ 50 ವ್ಯಾಟ್ ಹೀಟರ್ ಇರಲಿ. ನೀರು 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಇಬ್ಬರಿಗೂ ಹಿತ. ಕಾವೇರಿ ನೀರು ಬಳಸಿದರೆ ಕ್ಲೋರಿನ್ ತೆಗೆಯುವ ಹನಿ ಮರೆಯಬೇಡಿ.

ಪ್ರಶ್ನೆ: ಫೈಟರ್ ಟ್ಯಾಂಕಿಗೆ ಹತ್ತು ಕೆಂಪು ಚೆರ್ರಿ ಸೀಗಡಿ ಬಿಟ್ಟೆ. ಮೂರು ದಿನಕ್ಕೆ ನಾಲ್ಕೇ ಕಾಣುತ್ತಿವೆ. ತಿಂದುಬಿಟ್ಟಿತಾ? (ಮಂಗಳೂರು)

ಉತ್ತರ: ತಿಂದಿರಬಹುದು, ಅಡಗಿರಲೂಬಹುದು. ಸೀಗಡಿ ಬೆಳೆಯುವಾಗ ಪೊರೆ ಕಳಚುತ್ತದೆ. ಆಗ ಮೈ ಮೆತ್ತಗಿರುತ್ತದೆ, ಒಂದೆರಡು ದಿನ ಹೊರಗೇ ಬರುವುದಿಲ್ಲ. ತೆಳ್ಳಗಿನ ಗಾಜಿನಂಥ ಖಾಲಿ ಪೊರೆ ಸಿಕ್ಕರೆ ಸತ್ತಿದೆ ಅಂದುಕೊಳ್ಳಬೇಡಿ. ರಾತ್ರಿ ದೀಪ ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಾಕಿ ಎಣಿಸಿ.

ನಿಮ್ಮ ಫೈಟರ್ ಗಿಡ್ಡ ಬಾಲದ ಪ್ಲಕಾಟ್ ಆಗಿದ್ದರೆ ಆಸೆ ಕಡಿಮೆ ಇಟ್ಟುಕೊಳ್ಳಿ, ಅದು ಚುರುಕು ಬೇಟೆಗಾರ. ಉದ್ದ ಬಾಲದ್ದಾದರೆ ಸೀಗಡಿ ತಪ್ಪಿಸಿಕೊಳ್ಳಬಹುದು. ಯಾವುದೇ ಆದರೂ ಮರಿ ಸೀಗಡಿ ಅದಕ್ಕೆ ಊಟವೇ. ಒಂದು ಹಿಡಿ ಜಾವಾ ಮಾಸ್ (ನೀರಿನಲ್ಲಿ ಬೆಳೆಯುವ ಹಾವಸೆ) ತಂದು ಕಟ್ಟಿಗೆಗೆ ದಾರದಿಂದ ಕಟ್ಟಿ. ಫೈಟರ್ ತಲೆ ತೂರಿಸಲಾಗದಷ್ಟು ದಟ್ಟ ಇರಲಿ. ನಿಮ್ಮ ಊರಿನಲ್ಲಿ ಕಾಡು ಬಾದಾಮಿ ಮರಕ್ಕೆ ಬರ ಇಲ್ಲ, ಅಲ್ವಾ? ಔಷಧಿ ಹೊಡೆಯದ ಮರದಿಂದ ತಾನಾಗಿ ಉದುರಿ ಒಣಗಿದ ಎಲೆ ಒಂದನ್ನು ತೊಳೆದು ಹಾಕಿ. ನೀರು ಚಹಾದ ತಿಳಿ ಬಣ್ಣಕ್ಕೆ ತಿರುಗುತ್ತದೆ, ಫೈಟರ್‌ಗೆ ಅದು ತವರಿನ ನೀರಿನಂತೆ. ಕೊಳೆಯುವ ಎಲೆಯನ್ನು ಸೀಗಡಿಗಳು ಮೇಯುತ್ತವೆ, ಅಡಿಯಲ್ಲಿ ಅಡಗುತ್ತವೆ. ಇನ್ನೊಂದು ಮಾತು: ಮೀನಿನ ಕೆಲವು ಔಷಧಿಗಳಲ್ಲಿ ತಾಮ್ರ ಇರುತ್ತದೆ. ಅದು ಸೀಗಡಿಗೂ ಬಸವನಹುಳುವಿಗೂ ವಿಷ. ಈಚೆಗೆ ಔಷಧಿ ಹಾಕಿದ್ದರೆ ಉಳಿದ ಸೀಗಡಿಗಳನ್ನು ಈಗಲೇ ಬೇರೆ ನೀರಿಗೆ ತೆಗೆಯಿರಿ, ಫೈಟರ್ ಮೇಲೆ ಆಮೇಲೆ ಅನುಮಾನಪಡಿ.

ಪ್ರಶ್ನೆ: ಫೈಟರ್ ಜೊತೆಗಿರುವ ಬಸವನಹುಳುವಿನ ಚಿಪ್ಪು ಬೆಳ್ಳಗಾಗಿ ಸವೆಯುತ್ತಿದೆ. ಒಳ್ಳೆಯದಾಗಲಿ ಅಂತ ಕುಡಿಯುವ ಆರ್‌ಓ ನೀರನ್ನೇ ಹಾಕುತ್ತಿದ್ದೇವೆ. (ಹುಬ್ಬಳ್ಳಿ)

ಉತ್ತರ: ಆ ನೀರೇ ಕಾರಣ. ಆರ್‌ಓ ಯಂತ್ರ ಸುಣ್ಣದ ಅಂಶವನ್ನೂ ತೆಗೆದುಬಿಡುತ್ತದೆ. ಹುಳು ಚಿಪ್ಪು ಕಟ್ಟುವುದು ಅದರಿಂದಲೇ. ಮುಂದಿನ ಸಲ ನೀರು ಬದಲಿಸುವಾಗ ಕ್ಲೋರಿನ್ ತೆಗೆದ ನಲ್ಲಿ ನೀರು ಸ್ವಲ್ಪ ಬೆರೆಸಿ. ವಾರ ವಾರ ಅದರ ಪಾಲು ಏರಿಸುತ್ತಾ ಅರ್ಧಕ್ಕೆ ತನ್ನಿ. ಒಂದೇ ದಿನ ಪೂರ್ತಿ ಬದಲಿಸಿದರೆ ಫೈಟರ್‌ಗೆ ಆಘಾತ. ಪಂಜರದ ಹಕ್ಕಿಗಳಿಗೆ ಕೊಡುವ ಕಟಲ್‌ಬೋನ್, ಅಂದರೆ ಕಟಲ್‌ಫಿಶ್‌ನ ಸುಣ್ಣದಂಥ ಒಳಚಿಪ್ಪು, ಅದರ ಬೆರಳುದ್ದ ತುಂಡು ಒಂದನ್ನು ಟ್ಯಾಂಕಿನಲ್ಲಿ ಹಾಕಿಡಿ. ಮೊದಲು ತೇಲುತ್ತದೆ, ನಾಲ್ಕಾರು ದಿನಕ್ಕೆ ಮುಳುಗುತ್ತದೆ. ಸವೆದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ. ಚಿಪ್ಪಿನ ಬಾಯಿಯ ಹತ್ತಿರ ಹೊಸದಾಗಿ ಬೆಳೆಯುವ ಅಂಚು ಗಟ್ಟಿಯಾಗಿ, ಬಣ್ಣ ತುಂಬಿಕೊಂಡು ಬರುತ್ತಿದೆಯಾ ಅಂತ ಒಂದು ತಿಂಗಳು ಬಿಟ್ಟು ನೋಡಿ, ನನಗೂ ಬರೆದು ತಿಳಿಸಿ.