ಅಧ್ಯಯನಕ್ಕೆ ಸೇರುವ ವಿಚಾರ ಆಮೇಲೆ, ಅಮ್ಮನಿಗೆ ಔಷಧಿ ಶುರುವಾಯಿತಾ?

ಅಮ್ಮನ ಎಡಕಿವಿ ಇದ್ದಕ್ಕಿದ್ದಂತೆ ಕೇಳದಾಗಿ ಐದು ದಿನ ಆಗಿದೆ, ಶುಗರ್ ಬೇರೆ ಇದೆ. ಮಂಗಳೂರಿನ ಆಸ್ಪತ್ರೆಯಲ್ಲಿ ಒಂದು ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳಿ ಫಾರಂ ಕೊಟ್ಟಿದ್ದಾರೆ. ಅಮ್ಮನನ್ನು ಪ್ರಯೋಗಪಶು ಮಾಡಲು ಮನಸ್ಸಿಲ್ಲ, ಒಂದು ವಾರ ಯೋಚಿಸಿ ಹೇಳುತ್ತೇವೆ ಎಂದು ಉಪ್ಪಳಕ್ಕೆ ವಾಪಸ್ ಬಂದಿದ್ದೀರಿ. ಸೇರಿಸಬೇಕಾ, ಬೇಡವಾ? ಇಷ್ಟು ನಿಮ್ಮ ಪ್ರಶ್ನೆ.

ಓದಿ ನನಗೆ ಸುಮ್ಮನೆ ಕೂರಲು ಆಗಲಿಲ್ಲ. ನೀವು ಅಷ್ಟುದ್ದ ಬರೆದಿದ್ದರಲ್ಲಿ ಒಂದು ವಿಷಯ ಎಲ್ಲೂ ಇಲ್ಲ. ಈ ಐದು ದಿನದಲ್ಲಿ ಅಮ್ಮನಿಗೆ ಚಿಕಿತ್ಸೆ ಶುರುವಾಗಿದೆಯಾ? ಆಗಿಲ್ಲ ಎಂದಾದರೆ ಇದನ್ನು ಓದುವುದು ನಿಲ್ಲಿಸಿ, ಮೊದಲು ಆಸ್ಪತ್ರೆಗೆ ಫೋನ್ ಮಾಡಿ.

ನಾನು ಕಾಸರಗೋಡಿನ ಎಣ್ಮಕಜೆ ಪಂಚಾಯತಿನವನು, ಪೆರ್ಲದಿಂದ ಸ್ವಲ್ಪ ಒಳಗೆ ಮನೆ. ಕೆಲವು ವರ್ಷಗಳ ಹಿಂದೆ, ಆಟಿ ತಿಂಗಳಲ್ಲಿ, ಬೆಳಗ್ಗೆ ಏಳುವಾಗ ಬಲಕಿವಿ ಸತ್ತಂತೆ ಇತ್ತು. ಮಾಡಿನ ಮೇಲೆ ಮಳೆ ಸುರಿಯುತ್ತಿದ್ದದ್ದು ಒಂದೇ ಕಡೆಯಿಂದ ಕೇಳುತ್ತಿತ್ತು. ಇನ್ನೊಂದು ಕಡೆ ಬರೀ ಗುಂಯ್ ಎನ್ನುವ ಸದ್ದು. ನೋವಿಲ್ಲ, ಸೋರುವುದಿಲ್ಲ. ನೋವಿಲ್ಲದ ಕಾರಣ ಯಾರಿಗೂ ಗಾಬರಿ ಆಗಲಿಲ್ಲ. ಗುಗ್ಗೆ ಕಟ್ಟಿರಬೇಕು ಎಂದು ಅತ್ತೆ ಬೆಚ್ಚಗಿನ ತೆಂಗಿನೆಣ್ಣೆ ಬಿಟ್ಟರು. ಹತ್ತಿರದ ಕ್ಲಿನಿಕ್ಕಿನಲ್ಲಿ ಡ್ರಾಪ್ಸ್ ಕೊಟ್ಟರು. ಅಡಿಕೆಗೆ ಮದ್ದು ಬಿಡುವ ಕೆಲಸ ಬಾಕಿ ಇತ್ತು, ಮಳೆ ಬಿಟ್ಟಾಗ ಅದನ್ನು ಮುಗಿಸಿಕೊಂಡೆ. ಕೊನೆಗೆ ಮಂಗಳೂರಿಗೆ ಹೋಗುವಷ್ಟರಲ್ಲಿ ಒಂದು ವಾರ ಆಗಿತ್ತು.

ಅಲ್ಲಿ ಒಬ್ಬ ಚಿಕ್ಕ ಪ್ರಾಯದ ಡಾಕ್ಟರು ಉಕ್ಕಿನ ಕವೆಯಂಥದ್ದನ್ನು ತಟ್ಟಿ, ಝೇಂಕರಿಸುತ್ತಿದ್ದಾಗಲೇ ನನ್ನ ಹಣೆಯ ನಡುವೆ ಒತ್ತಿ ಹಿಡಿದರು. "ಯಾವ ಕಿವಿಯಲ್ಲಿ ಜಾಸ್ತಿ ಕೇಳುತ್ತದೆ?" ಎಂದು ಕೇಳಿದರು. ಸರಿ ಇದ್ದ ಎಡಕಿವಿಯಲ್ಲಿ ಎಂದೆ. ಅವರ ಮುಖ ಬದಲಾಯಿತು. ಗುಗ್ಗೆ ಕಟ್ಟಿದ್ದರೆ ಆ ಸದ್ದು ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಬೇಕಂತೆ. ಒಳಗಿವಿಗೆ ಅಥವಾ ನರಕ್ಕೆ ಪೆಟ್ಟಾಗಿದ್ದರೆ ಸದ್ದು ಒಳ್ಳೆಯ ಕಿವಿಯ ಕಡೆಗೆ ಹೋಗುತ್ತದೆ. ಬಾಯಿ ಮುಚ್ಚಿ ಹೂಂ ಎಂದು ಗುನುಗಿದರೂ ಸುಮಾರು ಇದೇ ಗೊತ್ತಾಗುತ್ತದೆ. ಅಮ್ಮನ ಹತ್ತಿರ ಒಮ್ಮೆ ಗುನುಗಲು ಹೇಳಿ ನೋಡಿ. ಆದರೆ ಅದನ್ನೇ ನಂಬಿ ಕೂರಬೇಡಿ, ಕೇಳುವಿಕೆ ಅಳೆಯುವ ಪರೀಕ್ಷೆ, ಆಡಿಯೋಗ್ರಾಂ, ಆಗಲೇಬೇಕು. ಮೂರು ದಿನದೊಳಗೆ, ಅಕ್ಕಪಕ್ಕದ ಮೂರು ಸ್ವರಮಟ್ಟಗಳಲ್ಲಿ 30 ಡೆಸಿಬಲ್‌ನಷ್ಟಾದರೂ ಕೇಳುವಿಕೆ ಕುಸಿದಿದ್ದರೆ ಅದನ್ನು ಹಠಾತ್ ಶ್ರವಣದೋಷ ಎನ್ನುತ್ತಾರೆ. ಹೆಚ್ಚಿನವರಲ್ಲಿ ಯಾಕೆ ಬಂತು ಎಂದೇ ಸಿಗುವುದಿಲ್ಲ. ವೈರಸ್ ಇರಬಹುದು, ಒಳಗಿವಿಗೆ ರಕ್ತ ಕಡಿಮೆ ಆಗಿರಬಹುದು.

ಆಮೇಲೆ ನನಗೂ ಫಾರಂ ಬಂತು. ಎರಡು ಗುಂಪು. ಒಂದಕ್ಕೆ ಸ್ಟೀರಾಯ್ಡ್ ಮಾತ್ರೆ, ಇನ್ನೊಂದಕ್ಕೆ ಅದೇ ಜಾತಿಯ ಔಷಧಿ ಕಿವಿತಮಟೆಯ ಮೂಲಕ ಕಿವಿಯೊಳಗೆ ಇಂಜೆಕ್ಷನ್. ಯಾರು ಯಾವ ಗುಂಪಿಗೆ ಎನ್ನುವುದು ಚೀಟಿ ಎತ್ತಿದ ಹಾಗೆ ನಿರ್ಧಾರ ಆಗುತ್ತದೆ. ಡಾಕ್ಟರೂ ಆರಿಸುವ ಹಾಗಿಲ್ಲ.

ನನಗೆ ಹೆದರಿಕೆ ಆಯಿತು. ನಮ್ಮ ಕಡೆಯವರ ಹೆದರಿಕೆಗೆ ಕಾರಣ ಇದೆ, ನಿಮಗೂ ಗೊತ್ತು. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು, 2000ದವರೆಗೆ. ಆಮೇಲೆ ಫೈಲು ಹಿಡಿದುಕೊಂಡು ಎಷ್ಟು ಜನ ಬಂದರು! ರಕ್ತ ತೆಗೆದರು, ಫೋಟೋ ತೆಗೆದರು, ಹೋದರು. ಆ ಊರಲ್ಲಿ ಬೆಳೆದವನಿಗೆ 'ಅಧ್ಯಯನ' ಎಂದರೆ ಮೈ ಬಿಸಿಯಾಗುತ್ತದೆ. ಭಾವನಿಗೆ ಫೋನ್ ಮಾಡಿದೆ. "ಸೈನ್ ಮಾತ್ರ ಹಾಕ್ಬೇಡ, ಎದ್ದು ಬಾ" ಎಂದ. ಎದ್ದು ಬಂದೆ.

ಇಲ್ಲಿ ನಿಧಾನವಾಗಿ ಓದಿ. ನಾನು ಮಾಡಿದ ತಪ್ಪು ಸಹಿ ಹಾಕದೇ ಇದ್ದದ್ದಲ್ಲ. ಸೇರದಿರುವುದು ನನ್ನ ಹಕ್ಕು. ತಪ್ಪು ಏನೆಂದರೆ, ಅಧ್ಯಯನ ಬೇಡ ಎಂದರೆ ಆ ಆಸ್ಪತ್ರೆಯ ಚಿಕಿತ್ಸೆಯೂ ಇಲ್ಲ ಎಂದು ನಾನೇ ತಿಳಿದುಕೊಂಡೆ. ಯಾರೂ ಹಾಗೆ ಹೇಳಿರಲಿಲ್ಲ. ನಾನೂ ಕೇಳಲಿಲ್ಲ. ಅಲ್ಲೇ ನಿಂತು, "ಸರಿ, ಅಧ್ಯಯನ ಬೇಡ. ನನಗೆ ಮಾಮೂಲಿ ಚಿಕಿತ್ಸೆ ಏನಿದೆಯೋ ಅದನ್ನು ಇವತ್ತೇ ಕೊಡಿ" ಎಂದಿದ್ದರೆ ಅದೇ ಮಾತ್ರೆಯ ಚೀಟಿ ಹತ್ತು ನಿಮಿಷದಲ್ಲಿ ಕೈಗೆ ಸಿಗುತ್ತಿತ್ತು. ಔಷಧಿ ಅಂಗಡಿ ಆಸ್ಪತ್ರೆಯ ಗೇಟಿನ ಎದುರೇ ಇತ್ತು. ನನ್ನ ತಲೆಯಲ್ಲಿ ಮಾತ್ರೆ, ಇಂಜೆಕ್ಷನ್, ಫಾರಂ, ಸಹಿ ಎಲ್ಲ ಒಂದೇ ಕಟ್ಟು ಆಗಿಬಿಟ್ಟಿತ್ತು. ಕಟ್ಟನ್ನೇ ಬಿಟ್ಟು ಬಂದೆ. ಫಾರಂ ಕನ್ನಡದಲ್ಲೇ ಇತ್ತು, ಭಾಷೆಯ ನೆಪವೂ ಇಲ್ಲ. "ನೀವು ಭಾಗವಹಿಸದಿದ್ದರೂ ನಿಮಗೆ ಸಿಗಬೇಕಾದ ಚಿಕಿತ್ಸೆಗೆ ತೊಂದರೆ ಆಗುವುದಿಲ್ಲ" ಎನ್ನುವ ಸಾಲು ಎರಡನೇ ಪುಟದಲ್ಲಿ ಸ್ಪಷ್ಟವಾಗಿತ್ತು. ನಾನು ಮೊದಲ ಪುಟದ ಅಡ್ಡಪರಿಣಾಮಗಳ ಪಟ್ಟಿಯಲ್ಲೇ ನಿಂತುಬಿಟ್ಟಿದ್ದೆ. ಆ ಸಾಲು ಓದಿದ್ದು ಆಮೇಲೆ, ಮನೆಯಲ್ಲಿ, ಕಿವಿ ಬರಲಿಲ್ಲ ಎಂದು ಮತ್ತೆ ಹೊರಡುವ ಹಿಂದಿನ ರಾತ್ರಿ.

ಆಗ ಎರಡು ವಾರ ದಾಟಿತ್ತು. ಈ ಕಾಯಿಲೆಯಲ್ಲಿ ಎರಡು ವಾರ ಎನ್ನುವುದು ಸುಮ್ನೆ ಹೇಳುವ ಮಾತಲ್ಲ. ಅಮೆರಿಕದ ಇಎನ್‌ಟಿ ವೈದ್ಯರ ಸಂಘದ 2019ರ ಮಾರ್ಗಸೂಚಿಯಲ್ಲಿ ಸ್ಟೀರಾಯ್ಡ್ ಶುರು ಮಾಡುವುದಾದರೆ ಮೊದಲ ಎರಡು ವಾರದೊಳಗೆ ಎಂದಿದೆ. ಪೂರ್ತಿ ಸರಿಯಾಗದವರಿಗೆ ಎರಡರಿಂದ ಆರು ವಾರದೊಳಗೆ ಕಿವಿಯೊಳಗೆ ಇಂಜೆಕ್ಷನ್ ಕೊಡುವ ಇನ್ನೊಂದು ದಾರಿ ಇದೆ. ನನಗೆ ಉಳಿದದ್ದು ಅದೇ. ಯಾವುದಕ್ಕೆ ಹೆದರಿ ಓಡಿಬಂದೆನೋ ಅದನ್ನೇ ಮಾಡಿಸಿಕೊಂಡೆ. ತಮಟೆಗೆ ಮರಗಟ್ಟುವ ಔಷಧಿ ಹಾಕುತ್ತಾರೆ. ಸಪೂರ ಸೂಜಿ. ಔಷಧಿ ಒಳಗೆ ಹೋಗುವಾಗ ತಣ್ಣಗಾಗುತ್ತದೆ, ಒಂದು ನಿಮಿಷ ಕೋಣೆ ತಿರುಗಿದ ಹಾಗೆ ಆಗುತ್ತದೆ. ಆಮೇಲೆ ಸುಮಾರು ಅರ್ಧ ಗಂಟೆ ಮಗ್ಗುಲಾಗಿ, ಉಗುಳು ನುಂಗದೆ ಮಲಗಿರಬೇಕು. ಅಷ್ಟೇ. ದಪ್ಪ ಸದ್ದುಗಳು ಸ್ವಲ್ಪ ವಾಪಸ್ ಬಂದವು. ಮಾತು ಬಿಡಿಸಿ ಕೇಳುವಷ್ಟು ಬರಲಿಲ್ಲ. ಈಗ ರಸ್ತೆ ದಾಟುವಾಗ ಹಾರ್ನ್ ಯಾವ ಕಡೆಯದು ಎಂದು ತಿಳಿಯುವುದಿಲ್ಲ. ತಾಳಮದ್ದಳೆಗೆ ಹೋದರೆ ಬಲತುದಿಯಲ್ಲೇ ಕೂರುತ್ತೇನೆ, ಎಡಕಿವಿ ಅರ್ಥಧಾರಿಗಳ ಕಡೆ ಇರಲಿ ಎಂದು.

ಆ ದಿನವೇ ಮಾತ್ರೆ ತಗೊಂಡಿದ್ದರೆ ಕಿವಿ ಬರುತ್ತಿತ್ತಾ? ಖಂಡಿತ ಎಂದು ಹೇಳಲಾರೆ. ಏನೂ ಔಷಧಿ ಇಲ್ಲದೆಯೂ ಮೂರರಲ್ಲಿ ಒಬ್ಬರಿಂದ ಇಬ್ಬರವರೆಗೆ ಒಂದಷ್ಟು ಕೇಳುವಿಕೆ ತಾನಾಗಿ ಮರಳುತ್ತದೆ ಎಂದು ಹೇಳುತ್ತಾರೆ. ಅದಕ್ಕೇ ನಿಮ್ಮ ಪಕ್ಕದ ಮನೆಯವರು ಯಾವುದೋ ಎಣ್ಣೆಯಿಂದ ಗುಣವಾಯಿತು ಎನ್ನುವುದು. ಗುಣವಾಗಿದ್ದು ನಿಜ, ಎಣ್ಣೆಯಿಂದ ಎನ್ನುವುದಕ್ಕೆ ಆಧಾರ ಇಲ್ಲ. ಒಂದು ಔಷಧಿ ಕೆಲಸ ಮಾಡುತ್ತದಾ ಎಂದು ತಿಳಿಯಬೇಕಾದರೆ ಎರಡು ಗುಂಪು ಇಟ್ಟು ಹೋಲಿಸಲೇಬೇಕು.

ಇದು ನಮ್ಮ ಊರಿಗೆ ಹೊಸದಲ್ಲ. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ನಮ್ಮ ಪಂಚಾಯತಿನ ಪಡ್ರೆಗೆ ಬಂದು ಮಕ್ಕಳನ್ನು ಪರೀಕ್ಷಿಸಿದರು. ಎಂಡೋಸಲ್ಫಾನ್ ಬೀಳದ ಇನ್ನೊಂದು ಊರಿನ ಮಕ್ಕಳನ್ನೂ ಪರೀಕ್ಷಿಸಿ ಹೋಲಿಸಿದರು. ಆ ಇನ್ನೊಂದು ಊರು ಇಲ್ಲದಿದ್ದರೆ 'ನಮ್ಮಲ್ಲಿ ಕಾಯಿಲೆ ಜಾಸ್ತಿ' ಎನ್ನುವ ನಮ್ಮ ಮಾತಿಗೆ ಯಾರು ಬೆಲೆ ಕೊಡುತ್ತಿದ್ದರು? ನಮಗೆ ಮೋಸ ಮಾಡಿದ್ದು ನಮ್ಮನ್ನು ಕೇಳದೆ ತಲೆ ಮೇಲೆ ಸುರಿದವರು. ಕೇಳಿ, ಬರೆದುಕೊಂಡು, ಹೋಲಿಸುವ ಕೆಲಸವನ್ನು ಅದರ ಜತೆ ಸೇರಿಸಬಾರದು. ನಿಮ್ಮ ಪ್ರಯೋಗಪಶು ಎನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಪಶುವಿನ ಹತ್ತಿರ ಯಾರೂ ಒಪ್ಪಿಗೆ ಕೇಳುವುದಿಲ್ಲ.

ಇನ್ನು ನಿಮ್ಮ ಅಮ್ಮನ ಶುಗರ್. ನೀವು ಅದನ್ನು ಅಧ್ಯಯನ ಬೇಡ ಎನ್ನಲು ಕಾರಣ ಮಾಡಿದ್ದೀರಿ. ನನಗೆ ಅದು ಉಲ್ಟಾ ಕಾಣುತ್ತದೆ. ಸ್ಟೀರಾಯ್ಡ್ ಮಾತ್ರೆ ಶುಗರ್ ಏರಿಸುತ್ತದೆ, ಅದು ಅಧ್ಯಯನದ ಒಳಗೆ ತಗೊಂಡರೂ ಹೊರಗೆ ತಗೊಂಡರೂ ಅಷ್ಟೇ. ಕಿವಿಯೊಳಗಿನ ಇಂಜೆಕ್ಷನ್‌ನಲ್ಲಿ ಆ ಭಯ ತುಂಬಾ ಕಡಿಮೆ. ಅದು ಮಾತ್ರೆಗಿಂತ ಕಡಿಮೆಯೇನಲ್ಲ ಎಂದು ತಿಳಿದದ್ದೂ ಇಂಥದ್ದೇ ಅಧ್ಯಯನದಿಂದ. ಅಮೆರಿಕದಲ್ಲಿ 250 ಜನರನ್ನು ಸೇರಿಸಿ 2011ರಲ್ಲಿ ಪ್ರಕಟಿಸಿದರು. ಎರಡು ತಿಂಗಳ ನಂತರ ಎರಡೂ ಗುಂಪಿನಲ್ಲಿ ಸರಾಸರಿ ಸುಮಾರು 30 ಡೆಸಿಬಲ್ ಸುಧಾರಣೆ ಇತ್ತು. ಮತ್ತೊಂದು ಜರ್ಮನಿಯದ್ದು, 2024ರಲ್ಲಿ ಬಂತು. ಮಾಮೂಲಿ 60 ಮಿಲಿಗ್ರಾಂ ಸ್ಟೀರಾಯ್ಡ್ ಬದಲು ಭಾರೀ ಡೋಸ್ ಕೊಟ್ಟರೆ ಕಿವಿ ಚೆನ್ನಾಗಿ ಬರುತ್ತದಾ ಎಂದು ನೋಡಿದರು. ಬರಲಿಲ್ಲ, ಅಡ್ಡಪರಿಣಾಮ ಮಾತ್ರ ಜಾಸ್ತಿ ಆಯಿತು. ಹಾಗಾಗಿ ಯಾರಾದರೂ 'ಜಾಸ್ತಿ ಡೋಸ್ ಹಾಕಿಸಿ' ಎಂದರೆ ಕೇಳಬೇಡಿ. ಅಂಗಡಿಯಿಂದ ನೀವೇ ಸ್ಟೀರಾಯ್ಡ್ ತಂದು ಅಮ್ಮನಿಗೆ ಕೊಡಲೂ ಬೇಡಿ. ಅದು ತುಂಬಾ ಅಪಾಯ.

ನಾಳೆ ಬೆಳಗ್ಗಿನ ಮೊದಲ ಬಸ್ಸಿಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ. ಡಾಕ್ಟರ ಹತ್ತಿರ ಮೊದಲು ಕೇಳಬೇಕಾದದ್ದು, 'ಸೇರದಿದ್ದರೆ ಇವತ್ತು ಅಮ್ಮನಿಗೆ ಏನು ಕೊಡುತ್ತೀರಿ?' ಎಂದು. ಆಮೇಲೆ, 'ಸೇರಿದರೆ ಎರಡು ಗುಂಪಿನವರಿಗೂ ಏನೇನು ಸಿಗುತ್ತದೆ?' ಒಂದು ಗುಂಪಿಗೆ ಬರೀ ಖಾಲಿ ಮಾತ್ರೆ ಎಂದರೆ ನಾನಾಗಿದ್ದರೆ ಒಪ್ಪುತ್ತಿರಲಿಲ್ಲ. ಎರಡೂ ಗುಂಪಿಗೆ ಬಳಕೆಯಲ್ಲಿರುವ ಔಷಧಿಯೇ ಇದ್ದರೆ, ಅಮ್ಮನ ಶುಗರ್ ಮಾತ್ರೆ ತಡೆಯುವಷ್ಟು ಹತೋಟಿಯಲ್ಲಿದ್ದರೆ, ಖಂಡಿತ ಸೇರಿಸುತ್ತಿದ್ದೆ. ಪರೀಕ್ಷೆಗಳು ಸಮಯಕ್ಕೆ ಸರಿಯಾಗಿ ಆಗುತ್ತವೆ, ಯಾರಾದರೂ ಫೋನ್ ಮಾಡಿ ವಿಚಾರಿಸುತ್ತಾರೆ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಚೀಟಿ ಎತ್ತುವ ಆಟ ಬೇಡ, ಇಂಜೆಕ್ಷನ್ ಆಗುತ್ತದಾ ಎಂದು ನೇರವಾಗಿ ಕೇಳಿ. ಎಥಿಕ್ಸ್ ಸಮಿತಿಯ ಒಪ್ಪಿಗೆ ಇದೆಯಾ ಎಂದು ಕೇಳಿ. ಸಿಟಿಆರ್‌ಐ ನಂಬರ್ ಕೇಳಿ. ಇಂಥ ಅಧ್ಯಯನಗಳಿಗೆ 2007ರಿಂದ ಇರುವ ಭಾರತದ ನೋಂದಣಿ ಅದು, ಅದರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಅಧ್ಯಯನದಿಂದಲೇ ತೊಂದರೆ ಆದರೆ ಚಿಕಿತ್ಸೆಯ ಖರ್ಚು ಯಾರದು ಎನ್ನುವುದು ಫಾರಂನಲ್ಲಿ ಬರೆದಿರಬೇಕು. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ. ಫಾರಂನ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಮತ್ತೆ, ಒಪ್ಪುವವರು ಅಮ್ಮ. ನೀವಲ್ಲ, ಮನೆಯ ಬೇರೆ ಯಾರೂ ಅಲ್ಲ. ಅವರ ಒಳ್ಳೆಯ ಕಿವಿಯ ಪಕ್ಕ ಕೂತು ನಿಧಾನವಾಗಿ ಓದಿ ಹೇಳಿ.

ಎಂಆರ್‌ಐ ಮಾಡಿಸಿ ಎಂದರೆ ದುಡ್ಡಿಗಾಗಿ ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ. ಅಪರೂಪಕ್ಕೆ ಕಿವಿಯ ನರದ ಮೇಲೆ ಗಡ್ಡೆ ಇರುವುದುಂಟು, ಅದು ಇಲ್ಲ ಎಂದು ಖಚಿತ ಮಾಡಿಕೊಳ್ಳಲು ಬೇಕು.

ಸೇರಿಸಿದರೆ ನಡುವೆ ಬಿಡಬೇಡಿ. ಕೇಳಲು ಶುರುವಾದವರು 'ಗುಣ ಆಯಿತಲ್ಲ' ಎಂದು ಆಮೇಲೆ ಹೋಗುವುದೇ ಇಲ್ಲ. ಗುಣ ಆಗದವರು ಮಾತ್ರ ಹೋಗುತ್ತಾರೆ. ಆಗ ಒಳ್ಳೆಯ ಔಷಧಿಯೂ ಲೆಕ್ಕದಲ್ಲಿ ಕೆಟ್ಟದಾಗಿ ಕಾಣುತ್ತದೆ. ಅಮ್ಮನ ಕಿವಿ ಪೂರ್ತಿ ಸರಿಯಾದರೂ ಕೊನೆಯ ಆಡಿಯೋಗ್ರಾಂವರೆಗೆ ಕರೆದುಕೊಂಡು ಹೋಗಿ. ಹೋಗಿಬರುವ ಖರ್ಚು ಕೊಡುತ್ತಾರಾ ಎಂದು ಸಹಿಯ ಮೊದಲೇ ಕೇಳಿ. ಎಷ್ಟೋ ಕಡೆ ಕೊಡುತ್ತಾರೆ, ಕೇಳಲು ಸಂಕೋಚ ಬೇಡ.