ಗೈಡ್ ಜೊತೆ ಎಲ್ಕ್ ಬೇಟೆ: ಗಿರಾಕಿ ಮುಚ್ಚಿಡಬಾರದ ಸಂಗತಿಗಳು

ಬರುವ ಅಕ್ಟೋಬರ್‌ನಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಮೊದಲ ಬಾರಿಗೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೊರಟಿರುವ ನೀವು, ಗೈಡ್‌ಗೆ ತಲೆನೋವಾಗದಂತೆ ಹೇಗಿರಬೇಕು ಎಂದು ಕೇಳಿದ್ದೀರಿ. ಅದಕ್ಕೆ ನಮ್ಮ ಗುಂಪಿನ ಇನ್ನೊಬ್ಬ ಸದಸ್ಯರು, ಸಾವಿರಾರು ಡಾಲರ್ ಕೊಟ್ಟ ಮೇಲೆ ಪ್ರಾಣಿಯನ್ನು ತೋರಿಸುವುದು ಗೈಡ್‌ನ ಹೊಣೆ, ಗುಂಡು ಹಾರಿಸುವುದಷ್ಟೇ ನಮ್ಮ ಕೆಲಸ ಎಂದಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಎಲ್ಕ್‌ಗಳಿದ್ದರೂ ಬೇಟೆ ಸಿಗುವುದು ಒಟ್ಟಾರೆ ಐವರಲ್ಲಿ ಒಬ್ಬರ ಆಸುಪಾಸು. ಗೈಡ್ ಇದ್ದರೆ ಅವಕಾಶ ಹೆಚ್ಚೀತೇ ಹೊರತು ಖಾತರಿಯಾಗುವುದಿಲ್ಲ. ನಾವು ಹಣ ಕೊಡುವುದು ಅವರ ಕಾಡಿನ ತಿಳಿವಳಿಕೆಗೆ, ಮತ್ತು ಅದು ನಮಗೆ ಒದಗಬೇಕಾದರೆ ನಮ್ಮ ಶಕ್ತಿ, ದೌರ್ಬಲ್ಯಗಳೆರಡೂ ಅವರಿಗೆ ಮೊದಲೇ ಗೊತ್ತಿರಬೇಕು.

ಮೊದಲು ದೇಹದ ವಿಚಾರ. ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ ಎತ್ತರದಲ್ಲಿದೆ. ಕೊಲೊರಾಡೊದಲ್ಲಿ ನಿಮ್ಮ ಬಿಡಾರವೇ 9,000 ಅಡಿಯಲ್ಲಿರಬಹುದು, ಬೆಳಗಿನ ಜಾವ ಅಲ್ಲಿಂದ ಇನ್ನೂ ಮೇಲಕ್ಕೆ ಹತ್ತಬೇಕಾಗಬಹುದು. ಮಂಡಿ ನೋವು, ರಕ್ತದೊತ್ತಡ, ನಿದ್ರೆಯ ತೊಂದರೆ ಏನಿದ್ದರೂ ಹೊರಡುವ ಮೊದಲೇ ತಿಳಿಸಿ. ಕುದುರೆ ಗೊತ್ತುಮಾಡಲು ನಿಮ್ಮ ತೂಕ ಕೇಳಿದಾಗ ಹತ್ತು ಕಿಲೋ ಕಡಿಮೆ ಹೇಳುವವರಿದ್ದಾರೆ. ಆ ಸುಳ್ಳಿನ ಭಾರವನ್ನು ಕಡಿದಾದ ಏರಿನಲ್ಲಿ ಹೊರುವುದು ಕುದುರೆ. ಸಸ್ಯಾಹಾರಿಗಳಾಗಿರುವ ಸ್ನೇಹಿತರು ಜೊತೆಗೆ ಬರುವುದಾದರೆ ಅದನ್ನೂ ಮೊದಲೇ ಹೇಳಿಬಿಡಿ, ಏಕೆಂದರೆ ಬಿಡಾರ ಸೇರಿದ ಮೇಲೆ ಅಡುಗೆಯವರು ತರಕಾರಿ ತರಲು ಹೋಗುವಂತಿರುವುದಿಲ್ಲ.

ಎರಡನೆಯದು ಗುರಿ. ಮೇಜಿನ ಮೇಲೆ ಕೋವಿಯನ್ನು ಒರಗಿಸಿ 100 ಗಜ ದೂರಕ್ಕೆ ಚೆನ್ನಾಗಿ ಹೊಡೆಯುತ್ತೇನೆಂಬುದು ಬೆಟ್ಟದಲ್ಲಿ ಅರ್ಧ ಮಾತು. ಕುಳಿತು, ಮಂಡಿಯೂರಿ, ಊರುಗೋಲಿನ ಮೇಲೆ ಕೋವಿ ಇಟ್ಟು, ಸ್ವಲ್ಪ ಓಡಿ ಏದುಸಿರು ಬರಿಸಿಕೊಂಡು ಅಭ್ಯಾಸ ಮಾಡಿ. ಆ ಸ್ಥಿತಿಯಲ್ಲಿ ಪ್ರತಿ ಸಲವೂ ನಿಮಗೆ ದಕ್ಕುವ ದೂರ 200 ಗಜವಾಗಿದ್ದರೆ 200 ಎಂದೇ ಹೇಳಿ. ಗೈಡ್ ಅದಕ್ಕೆ ಬೇಸರಪಡುವುದಿಲ್ಲ, ಅಷ್ಟು ಹತ್ತಿರಕ್ಕೆ ಕರೆದೊಯ್ಯುವ ದಾರಿ ಹುಡುಕುತ್ತಾರೆ. 400 ಗಜ ಎಂದು ಕೊಚ್ಚಿಕೊಂಡವರನ್ನು 400 ಗಜದಲ್ಲೇ ನಿಲ್ಲಿಸುತ್ತಾರೆ, ಪ್ರಾಣಿ ಗಾಯಗೊಂಡು ಹೋಗುವುದು ಆಗಲೇ.

ನಡೆಯುವಾಗ ಗೈಡ್ ಆಗಾಗ ಸಣ್ಣ ಬಾಟಲಿಯೊಂದನ್ನು ಒತ್ತಿ ಬಿಳಿ ಪುಡಿಯನ್ನು ಹಾರಿಸಿ ಗಾಳಿ ನೋಡುತ್ತಾರೆ. ಮುಂಜಾನೆಯ ತಂಪಿನಲ್ಲಿ ಗಾಳಿ ಇಳಿಜಾರಿಗೆ ಹರಿಯುತ್ತದೆ, ಬಿಸಿಲೇರಿದಂತೆ ಮೇಲಕ್ಕೆ ತಿರುಗುತ್ತದೆ, ಸಂಜೆ ಮತ್ತೆ ಕೆಳಗೆ. ಎಲ್ಕ್‌ಗೆ ನಮ್ಮ ವಾಸನೆ ಒಮ್ಮೆ ಬಡಿದರೆ ಆ ದಿನದ ಶ್ರಮವೆಲ್ಲ ಮಣ್ಣುಪಾಲು. ಆದ್ದರಿಂದ ಎದುರಿಗೇ ಪ್ರಾಣಿ ಕಾಣುತ್ತಿದ್ದರೂ ಗೈಡ್ ಸುತ್ತುಬಳಸಿ ಕರೆದೊಯ್ದರೆ ಪ್ರಶ್ನಿಸದೆ ಹಿಂಬಾಲಿಸಿ; ಸಂದೇಹಗಳನ್ನು ರಾತ್ರಿ ಬಿಡಾರದಲ್ಲಿ ಕೇಳಿ, ಸಂತೋಷದಿಂದ ವಿವರಿಸುತ್ತಾರೆ. ಅವರು ಹೇಳುವವರೆಗೆ ತೋಟಾ ಕೋವಿಯ ಗೂಡಿಗೆ ಏರಬಾರದು, ನಳಿಗೆ ಯಾರ ಕಡೆಗೂ ತಿರುಗಬಾರದು.

ಗುಂಡು ಹಾರಿದ ಮೇಲಿನ ಐದು ನಿಮಿಷ ಎಲ್ಲಕ್ಕಿಂತ ಮುಖ್ಯ. ಶ್ವಾಸಕೋಶಕ್ಕೆ ಏಟು ಬಿದ್ದ ಎಲ್ಕ್ ಕೂಡ ಏನೂ ಆಗದಂತೆ ಕೆಲವು ಹೆಜ್ಜೆ ನಡೆಯಬಹುದು. ತಕ್ಷಣ ಇನ್ನೊಂದು ತೋಟಾ ಏರಿಸಿ, ಕೋವಿಯ ಮೇಲಿನ ದೂರದರ್ಶಕದಿಂದ ಕಣ್ಣು ತೆಗೆಯದೆ, ಅದು ಯಾವ ಮರದ ಪಕ್ಕ ಮರೆಯಾಯಿತೆಂದು ಗುರುತಿಟ್ಟುಕೊಳ್ಳಿ. ಆಮೇಲೆ ಗುಂಡು ಹಾರಿದಾಗ ದೂರದರ್ಶಕದ ಗುರಿಗೆರೆ ಪ್ರಾಣಿಯ ಮೇಲೆ ಎಲ್ಲಿತ್ತು ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿ. ನಾನು ಜೊತೆಗಿದ್ದ ಒಂದು ಬೇಟೆಯಲ್ಲಿ ಗಿರಾಕಿಯೊಬ್ಬರು, ಮುಖ ಬಾಡಿದ್ದರೂ, "ಏಟು ಹಿಂದಕ್ಕೆ ಬಿತ್ತು, ಹೊಟ್ಟೆಗೆ ತಗುಲಿರಬೇಕು" ಎಂದು ನೇರವಾಗಿ ಹೇಳಿದರು. ಗೈಡ್ ಒಂದು ಹೆಜ್ಜೆಯೂ ಮುಂದಿಡದೆ ನಮ್ಮೆಲ್ಲರನ್ನೂ ಮಧ್ಯಾಹ್ನದವರೆಗೆ ಅಲ್ಲೇ ಕೂರಿಸಿದರು. ನಂತರ ಜಾಡು ಹಿಡಿದಾಗ ಹುಲ್ಲಿನ ಮೇಲೆ ಹಸಿರು ಬೆರೆತ ನೆತ್ತರಿನ ಹನಿಗಳಿದ್ದವು, ಪ್ರಾಣಿ ಹತ್ತಿರದ ಪೊದೆಯಲ್ಲೇ ಮಲಗಿ ಸತ್ತಿತ್ತು. "ಚೆನ್ನಾಗಿ ಬಿದ್ದಿದೆ" ಎಂದು ಹೇಳಿ ಕೂಡಲೇ ಬೆನ್ನಟ್ಟಿದ್ದರೆ ಅದು ಎದ್ದು ಕಣಿವೆ ದಾಟಿ ಎಲ್ಲೋ ನರಳಿ ಸಾಯುತ್ತಿತ್ತು. ಗಾಯಗೊಂಡ ಪ್ರಾಣಿಯನ್ನು ಹುಡುಕುವ ಪ್ರಯತ್ನ ಮಾಡುವುದು ಅಲ್ಲಿ ಕಾನೂನಿನ ಕಟ್ಟಳೆ ಕೂಡ. ನೆತ್ತರು ಬಿದ್ದರೆ ಪ್ರಾಣಿ ಸಿಗದಿದ್ದರೂ ನಿಮ್ಮ ಬೇಟೆ ಮುಗಿಯಿತು ಎಂಬ ಷರತ್ತು ಹಲವು ಒಪ್ಪಂದಗಳಲ್ಲಿರುತ್ತದೆ. ಸಹಿ ಮಾಡುವ ಮುಂಚೆ ಓದಿಕೊಳ್ಳಿ.

ಕಾನೂನು ಮುರಿಯುವಂತೆ ಗೈಡ್‌ನನ್ನು ಪುಸಲಾಯಿಸುವವರೇ ಅತ್ಯಂತ ಕೆಟ್ಟ ಗಿರಾಕಿಗಳು. ಸೂರ್ಯಾಸ್ತವಾಗಿ ಅರ್ಧ ಗಂಟೆ ಕಳೆದರೆ ಅಂದಿನ ಬೇಟೆ ಮುಗಿಯಿತು. ಹಲವು ವಲಯಗಳಲ್ಲಿ ಗಂಡು ಎಲ್ಕ್‌ನ ಒಂದು ಕೊಂಬಿನಲ್ಲಾದರೂ 4 ಕವಲು ಅಥವಾ 5 ಇಂಚಿನ ಬುಡಗವಲು (ಹಣೆಯ ಹತ್ತಿರದ ಮೊದಲ ಕವಲು) ಇರಲೇಬೇಕು, ಆದ್ದರಿಂದ ಗೈಡ್ ಬೇಡವೆಂದರೆ ಬೇಡ. ಅವರ ಪರವಾನಗಿ ಹೋದರೆ ಹೊಟ್ಟೆಪಾಡೇ ಹೋಗುತ್ತದೆ. ಎಚ್‌-1ಬಿ ಉದ್ಯೋಗ ವೀಸಾದಲ್ಲಿರುವವರು ಇನ್ನೂ ಒಂದು ವಿಷಯ ಗಮನಿಸಿ: ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ವಿನಾಯಿತಿಯಿಲ್ಲದೆ ನೀವು ಕೋವಿ ಹೊಂದಿರುವುದು ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ಅಪರಾಧ. ಪರವಾನಗಿಗೆ ಮೊದಲು ಬೇಟೆ ಶಿಕ್ಷಣದ ತರಗತಿ ಮುಗಿಸಿರಬೇಕು, ಈಗಲೇ ಸೇರಿಕೊಳ್ಳಿ.

ಬೇಟೆ ಸಿಕ್ಕಾಗ ಫೋಟೋ ತೆಗೆಸಿಕೊಂಡು ದೂರ ಕೂರಬೇಡಿ. ದೊಡ್ಡ ಗಂಡು ಸುಮಾರು 300 ಕಿಲೋ ತೂಗುತ್ತದೆ; ತೊಗಲು ಬಿಡಿಸುವಾಗ ಕಾಲು ಹಿಡಿದುಕೊಳ್ಳುವ ಇನ್ನೊಂದು ಜೊತೆ ಕೈ ಇದ್ದರೆ ಕತ್ತಲಾಗುವ ಮೊದಲೇ ಕೆಲಸ ಮುಗಿಯುತ್ತದೆ. ಟಿಪ್ಸ್ ಸಾಮಾನ್ಯವಾಗಿ ಬೇಟೆಯ ಶುಲ್ಕದ ಶೇ. 10ರಿಂದ 20ರವರೆಗೆ, ನಗದಾಗಿ, ಗೈಡ್‌ನ ಕೈಗೇ ಕೊಡುವುದು ವಾಡಿಕೆ. ಅಡುಗೆಯವರಿಗೂ ಕುದುರೆ ನೋಡಿಕೊಳ್ಳುವವರಿಗೂ ಬೇರೆ ತೆಗೆದಿಡಿ. ಬೇಟೆ ಸಿಗದಿದ್ದರೂ ಗೈಡ್ ಪ್ರಾಮಾಣಿಕವಾಗಿ ದುಡಿದಿದ್ದರೆ ಅದರಲ್ಲಿ ಕಡಿತ ಮಾಡಬೇಡಿ.