ಸೆರಂಗೂನ್ ರಸ್ತೆ ಹತ್ತಿರ ಮನೆ: ಬಾಡಿಗೆಗೆ ಸರಿ, ಕೊಳ್ಳೋಕೆ ಈಗ ಬೇಡ

ತಂಗಿ,

ನಿಮ್ಮ ಮನೆಯವರಿಗೆ ಸಿಂಗಾಪುರದಲ್ಲಿ ಕೆಲಸ ಸಿಕ್ಕಿದೆ, ಬರುವ ತಿಂಗಳು ಇಬ್ಬರೂ ಹೊರಡುತ್ತೀರಿ ಅಂತ ಬರೆದಿದ್ದೀಯ. ಸೆರಂಗೂನ್ ರಸ್ತೆಯ ಲಿಟಲ್ ಇಂಡಿಯಾ ಕಡೆ ಇರಬೇಕು ಅಂತ ನಿಮ್ಮಾಸೆ. ನಿಮ್ಮ ಮಾವನವರು ಮಾತ್ರ "ಬಾಡಿಗೆ ಕಟ್ಟೋದು ದುಡ್ಡು ಸುಟ್ಟ ಹಾಗೆ. ಶಾಮನೂರು ರಸ್ತೆ ಸೈಟು ಮಾರಿ ಕೊಡ್ತೀನಿ, ಸಿಂಗಾಪುರದಲ್ಲೇ ಒಂದು ಸಣ್ಣ ಫ್ಲ್ಯಾಟ್ ತಗೊಂಡುಬಿಡಿ" ಅನ್ನುತ್ತಿದ್ದಾರೆ. ಸರಿನಾ ಅಂತ ಕೇಳಿದ್ದೀಯ.

ಆ ಕಡೆ ವಾಸ ಮಾಡೋದು ಸರಿ. ಕೊಳ್ಳೋದು ಈಗ ಬೇಡ. ಸೈಟು ಮಾರೋದಂತೂ ಬೇಡವೇ ಬೇಡ. ಯಾಕೆ ಅಂತ ಲೆಕ್ಕ ಸಮೇತ ಬರೆಯುತ್ತೇನೆ, ಮಾವನವರಿಗೂ ಓದಿ ಹೇಳು. ಅವರು ದಾವಣಗೆರೆಯಲ್ಲಿ ವ್ಯಾಪಾರ ಮಾಡಿದವರು, ಲೆಕ್ಕ ಕಂಡರೆ ಒಪ್ಪುತ್ತಾರೆ.

ಇಲ್ಲಿ ಸಿಂಗಾಪುರದ ಮನೆಗಳಲ್ಲಿ ಎರಡು ಜಾತಿ. ಒಂದು ಎಚ್‌ಡಿಬಿ. ಸರ್ಕಾರದ ವಸತಿ ಮಂಡಳಿ 1960ರಿಂದ ಕಟ್ಟುತ್ತಾ ಬಂದ ಮನೆಗಳು. ಇಲ್ಲೇ ನೆಲೆಸಿದ ನಾಲ್ವರಲ್ಲಿ ಮೂವರಿಗಿಂತ ಜಾಸ್ತಿ ಜನ ಇರೋದು ಇವುಗಳಲ್ಲೇ. ನಮ್ಮೂರಲ್ಲಿ ಸರ್ಕಾರಿ ಕ್ವಾರ್ಟರ್ಸ್ ಅಂದರೆ ಮೂಗು ಮುರಿಯುತ್ತಾರಲ್ವಾ, ಇಲ್ಲಿ ಹಾಗಿಲ್ಲ. ಡಾಕ್ಟರೂ ಇರುತ್ತಾರೆ, ಟ್ಯಾಕ್ಸಿ ಓಡಿಸುವವರೂ ಇರುತ್ತಾರೆ. ಇನ್ನೊಂದು ಖಾಸಗಿ ಕಾಂಡೋ. ಈಜುಕೊಳ, ಜಿಮ್ಮು, ಗೇಟಲ್ಲಿ ಕಾವಲು, ಅದಕ್ಕೆ ತಕ್ಕ ರೇಟು.

ನಿಮ್ಮವರು ಬರುವುದು ಎಂಪ್ಲಾಯ್‌ಮೆಂಟ್ ಪಾಸ್ ಮೇಲೆ. ಆ ಪಾಸ್ ಇದ್ದವರು ಎಚ್‌ಡಿಬಿ ಮನೆ ಕೊಳ್ಳುವ ಹಾಗೇ ಇಲ್ಲ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಉಳಿಯೋದು ಕಾಂಡೋ. ಕಾಂಡೋ ಯಾರು ಬೇಕಾದರೂ ಕೊಳ್ಳಬಹುದು, ಆದರೆ ಸ್ಟಾಂಪ್ ಡ್ಯೂಟಿ ನೋಡಿದರೆ ಎದೆ ಧಸಕ್ ಅನ್ನುತ್ತದೆ. 2023ರ ಏಪ್ರಿಲ್ 27ರಿಂದ ವಿದೇಶಿಯರು ಮನೆ ಕೊಂಡರೆ ಬೆಲೆಯ ಮೇಲೆ ನೂರಕ್ಕೆ 60 ಹೆಚ್ಚುವರಿ ಡ್ಯೂಟಿ. ಇಲ್ಲಿ ಎಲ್ಲರ ಬಾಯಲ್ಲೂ ಅದು ಎಬಿಎಸ್‌ಡಿ. ಅದಕ್ಕೂ ಮುಂಚೆ 30 ಇತ್ತು, ಒಂದೇ ಏಟಿಗೆ ದುಪ್ಪಟ್ಟು ಮಾಡಿದರು. ಅಮೆರಿಕ, ಸ್ವಿಟ್ಜರ್‌ಲೆಂಡ್, ನಾರ್ವೆ ತರದ ಕೆಲವೇ ದೇಶದವರಿಗೆ ಒಪ್ಪಂದದ ಪ್ರಕಾರ ವಿನಾಯಿತಿ ಇದೆ. ಭಾರತದ ಪಾಸ್‌ಪೋರ್ಟ್‌ಗೆ ಇಲ್ಲ.

ಹತ್ತು ಲಕ್ಷ ಸಿಂಗಾಪುರ್ ಡಾಲರಿನ ಒಂದು ಸಣ್ಣ ಕಾಂಡೋ ಅಂತ ಇಟ್ಟುಕೋ. ನಗರದ ನಡುವೆ ಆ ದುಡ್ಡಿಗೆ ದೊಡ್ಡದೇನೂ ಸಿಗಲ್ಲ. ಎಲ್ಲರೂ ಕಟ್ಟುವ ಮಾಮೂಲಿ ಸ್ಟಾಂಪ್ ಡ್ಯೂಟಿ 24,600 ಡಾಲರ್. ಅದರ ಮೇಲೆ ಎಬಿಎಸ್‌ಡಿ 6,00,000. ಡಾಲರಿಗೆ 65 ರೂಪಾಯಿ ಅಂತ ಹಿಡಿದರೂ ಆ ಹೆಚ್ಚುವರಿ ಡ್ಯೂಟಿ ಒಂದೇ 3 ಕೋಟಿ 90 ಲಕ್ಷ. ಇದು ಮನೆಯ ಬೆಲೆಯಲ್ಲ, ಬರೀ ತೆರಿಗೆ. ಮನೆ ಮಾರಿದಾಗ ವಾಪಸ್ ಬರಲ್ಲ. ಇದಕ್ಕೆ ಬ್ಯಾಂಕ್ ಸಾಲವೂ ಸಿಗಲ್ಲ. ಮನೆಯ ಬೆಲೆಗೇ ಹೆಚ್ಚೆಂದರೆ ನೂರಕ್ಕೆ 75 ಸಾಲ ಕೊಡುತ್ತಾರೆ, ಡ್ಯೂಟಿ ಎಲ್ಲ ಕೈಯಿಂದಲೇ ಹೊಂದಿಸಬೇಕು.

ಈಗ ಬಾಡಿಗೆ ಹಿಡಿ. ಎರಡು ಬೆಡ್‌ರೂಮಿನ ಎಚ್‌ಡಿಬಿ ಮನೆಗೆ ಆ ಕಡೆ ತಿಂಗಳಿಗೆ ಮೂರು ಸಾವಿರ ಡಾಲರ್ ಅನ್ನೋಣ. ಆರು ಲಕ್ಷವನ್ನು ಮೂರು ಸಾವಿರದಿಂದ ಭಾಗಿಸು. 200 ತಿಂಗಳು. ಅಂದರೆ ಹದಿನಾರೂವರೆ ವರ್ಷಕ್ಕೂ ಮೇಲೆ ಬಾಡಿಗೆ ಕಟ್ಟಬಹುದಾದ ದುಡ್ಡನ್ನು ಮೊದಲ ದಿನವೇ ಸರ್ಕಾರಕ್ಕೆ ಕೊಟ್ಟಂತಾಯಿತು. ಮಾವನವರ "ದುಡ್ಡು ಸುಟ್ಟ ಹಾಗೆ" ಅನ್ನೋ ಮಾತು ನಿಜವಾಗಿ ಅನ್ವಯಿಸೋದು ಇದಕ್ಕೆ.

ಪಿಆರ್, ಅಂದರೆ ಇಲ್ಲಿ ಕಾಯಂ ನೆಲೆಸುವ ಅನುಮತಿ, ಸಿಕ್ಕರೆ ಕಥೆ ಬೇರೆ. ಆಗ ಮೊದಲ ಮನೆಗೆ ಎಬಿಎಸ್‌ಡಿ ನೂರಕ್ಕೆ 5 ಮಾತ್ರ. ಅದೇ ಹತ್ತು ಲಕ್ಷದ ಮನೆಗೆ ಆರು ಲಕ್ಷದ ಬದಲು 50 ಸಾವಿರ. ಎಚ್‌ಡಿಬಿ ಹಳೆ ಮನೆಯನ್ನೂ ಕೊಳ್ಳಬಹುದು, ಆದರೆ ಗಂಡ ಹೆಂಡತಿ ಇಬ್ಬರೂ ಪಿಆರ್ ಆಗಿ ಮೂರು ವರ್ಷ ಕಳೆದಿರಬೇಕು. ಮೇಲೆ ಕೋಟಾ ಬೇರೆ. 1989ರಿಂದ ಇಲ್ಲಿ ಪ್ರತಿ ಬ್ಲಾಕಿನಲ್ಲೂ ಚೀನಿಯರು ಇಷ್ಟು, ಮಲಯರು ಇಷ್ಟು, ಭಾರತೀಯರು ಮತ್ತು ಇತರರು ಇಷ್ಟು ಅಂತ ಮಿತಿ ಇದೆ. ಒಂದೇ ಕಡೆ ಒಂದೇ ಜನ ಗುಂಪಾಗಬಾರದು ಅಂತ. ಮನೆ ಇಷ್ಟವಾಗಿ, ರೇಟೂ ಕುದುರಿ, ಕೊನೆಗೆ "ಈ ಬ್ಲಾಕಲ್ಲಿ ಭಾರತೀಯರ ಕೋಟಾ ತುಂಬಿದೆ" ಅಂತ ಕೈಚೆಲ್ಲಿದವರನ್ನು ನಾನು ಕಂಡಿದ್ದೇನೆ. ಹಾಗಾಗಿ ಅದು ಮುಂದಿನ ಮಾತು. ಪಿಆರ್ ಕೊಡೋದು ಬಿಡೋದು ಇಲ್ಲಿನ ಸರ್ಕಾರಕ್ಕೆ ಬಿಟ್ಟದ್ದು. ಅದನ್ನು ನಂಬಿ ಇವತ್ತೇ ದುಡ್ಡು ಹೂಡೋಕಾಗಲ್ಲ.

ಇನ್ನೊಂದು ಮುಖ್ಯ ವಿಷಯ. ನಮ್ಮೂರಲ್ಲಿ ಸೈಟು ಕೊಂಡರೆ ಖಾತೆ ನಮ್ಮ ಹೆಸರಿಗೆ, ಆಮೇಲೆ ಮಕ್ಕಳ ಹೆಸರಿಗೆ, ಮೊಮ್ಮಕ್ಕಳ ಹೆಸರಿಗೆ. ಇಲ್ಲಿ ಎಚ್‌ಡಿಬಿ ಎಲ್ಲವೂ, ಕಾಂಡೋಗಳಲ್ಲಿ ಬಹುಪಾಲು, 99 ವರ್ಷದ ಲೀಸ್. ವರ್ಷ ಕಳೆದ ಹಾಗೆ ಲೀಸ್ ಸವೆಯುತ್ತದೆ. ಅದು ಮುಗಿದರೆ ಏನು? ಗೇಲಾಂಗ್ ಲೊರೊಂಗ್ 3ರಲ್ಲಿ ಸಾಲು ಮನೆಗಳಿದ್ದವು, 191. ಅವುಗಳದು 60 ವರ್ಷದ ಲೀಸ್. 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಜಾಗ ಸರ್ಕಾರಕ್ಕೆ ವಾಪಸ್, ಪರಿಹಾರ ಒಂದು ಕಾಸೂ ಇಲ್ಲ. ಮೊದಲೇ ಒಪ್ಪಿದ ಕರಾರು ಅದು, ಮೋಸ ಅಂತ ಯಾರೂ ಅನ್ನೋ ಹಾಗಿಲ್ಲ. ಫ್ರೀಹೋಲ್ಡ್, ಅಂದರೆ ಲೀಸ್ ಇಲ್ಲದ ಕಾಂಡೋಗಳೂ ಇವೆ, ಫ್ಯಾರರ್ ಪಾರ್ಕ್ ಸುತ್ತಮುತ್ತ ಕೆಲವು ಸಿಗುತ್ತವೆ, ಅದಕ್ಕೆ ತಕ್ಕಂತೆ ಬೆಲೆಯೂ ಜಾಸ್ತಿ. ಏಜೆಂಟರು "ಅಂಗಡಿ ಮಹಡಿಮನೆ ತಗೊಳ್ಳಿ, ವಿದೇಶಿಯರೂ ಕೊಳ್ಳಬಹುದು" ಅಂತ ಆಸೆ ಹುಟ್ಟಿಸಿದರೆ ಕಿವಿಗೆ ಹಾಕಿಕೊಳ್ಳಬೇಡ. ಪೂರ್ತಿ ವಾಣಿಜ್ಯ ಬಳಕೆಯ ಶಾಪ್‌ಹೌಸ್ ಕೊಳ್ಳಲು ಅಡ್ಡಿಯಿಲ್ಲ ನಿಜ. ಅದು ಕೋಟ್ಯಧಿಪತಿಗಳ ಆಟ, ಸೈಟು ಮಾರಿದ ದುಡ್ಡಿನದಲ್ಲ.

ಸರಿ, ಕೊಳ್ಳೋ ಮಾತು ಸಾಕು. ಇರೋ ಮಾತಿಗೆ ಬರೋಣ, ಅದು ನನಗೂ ಇಷ್ಟ.

ಸೆರಂಗೂನ್ ರಸ್ತೆ, ರೇಸ್ ಕೋರ್ಸ್ ರಸ್ತೆ, ಆ ಕಡೆ ಜಲಾನ್ ಬೆಸಾರ್, ಇವುಗಳ ನಡುವಿನ ಗಲ್ಲಿಗಳು. ಒಂದು ಕಾಲಕ್ಕೆ ಇಲ್ಲಿ ದನದ ವ್ಯಾಪಾರ, ಇಟ್ಟಿಗೆ ಸುಣ್ಣದ ಭಟ್ಟಿ ಇದ್ದವು. ಬಫೆಲೋ ರಸ್ತೆ ಹೆಸರು ಆಗಿನದೇ. ಕುದುರೆ ರೇಸೂ ಇಲ್ಲೇ ನಡೆಯುತ್ತಿತ್ತು, 1933ರಲ್ಲಿ ಬೇರೆ ಕಡೆ ಹೋಯಿತು. 1989ರಲ್ಲಿ ಈ ಭಾಗವನ್ನು ಸಂರಕ್ಷಿತ ಪ್ರದೇಶ ಮಾಡಿದ್ದರಿಂದ ಹಳೆ ಮಹಡಿ ಅಂಗಡಿಗಳನ್ನು ಕೆಡವಿಲ್ಲ. ದಾವಣಗೆರೆ ಮಂಡಿಪೇಟೆಯಲ್ಲಿ ಬೆಳೆದವರಿಗೆ ಈ ಗದ್ದಲ ಹೊಸದೇನಲ್ಲ, ರಸ್ತೆ ಮಾತ್ರ ಚೊಕ್ಕಟ.

ಟೆಕ್ಕಾ ಮಾರ್ಕೆಟ್ ಒಳಗೆ ಹೋದರೆ ನುಗ್ಗೆ, ಕರಿಬೇವು, ಬಾಳೆಲೆ, ಮೆಂತ್ಯ ಸೊಪ್ಪು, ಎಲ್ಲ ಇದೆ. ಜೋಳದ ಹಿಟ್ಟು ಮುಸ್ತಫಾ ಅಂಗಡಿಯಲ್ಲಿ ಸಿಗುತ್ತದೆ, ರೊಟ್ಟಿ ತಟ್ಟುವ ಆಸೆಗೆ ತೊಂದರೆಯಿಲ್ಲ. ಮಂಡಕ್ಕಿಯೂ ಸಿಗುತ್ತದೆ. ಆದರೆ ಅದು ತಮಿಳರ ಪೊರಿ, ನಮ್ಮ ಭಟ್ಟಿಯ ಮಂಡಕ್ಕಿಯಲ್ಲ. ಬರುವಾಗ ಸೂಟ್‌ಕೇಸಿನಲ್ಲಿ ಜಾಗ ಮಾಡಿಕೋ, ತೂಕವೇನೂ ಬರಲ್ಲ. ಬೆಣ್ಣೆದೋಸೆ ಮಾತ್ರ ಮರೆತುಬಿಡು. ಹೋಟೆಲುಗಳಲ್ಲಿ ಆ ಹೆಸರಿಟ್ಟು ಕೊಡುವುದನ್ನು ದಾವಣಗೆರೆಯವರು ತಿಂದರೆ ಜಗಳಕ್ಕೇ ಹೋಗುತ್ತಾರೆ.

ಓಡಾಟಕ್ಕೆ ಕಷ್ಟವಿಲ್ಲ. ಲಿಟಲ್ ಇಂಡಿಯಾ ಸ್ಟೇಷನ್ನಿನಲ್ಲಿ ಎರಡು ಎಂಆರ್‌ಟಿ (ಇಲ್ಲಿನ ಮೆಟ್ರೋ) ಲೈನ್ ಸೇರುತ್ತವೆ, ಮುಂದಿನದು ಫ್ಯಾರರ್ ಪಾರ್ಕ್. ಕಾರಿನ ಆಸೆ ಬಿಡು. ಹತ್ತು ವರ್ಷದ ಪರವಾನಗಿಗೇ ಲಕ್ಷ ಡಾಲರ್ ಆಸುಪಾಸು ಕೊಡಬೇಕು. ಹೆಂಗಸರು ಮಕ್ಕಳ ದೊಡ್ಡಾಸ್ಪತ್ರೆ ಕೆಕೆ ಅಲ್ಲೇ ಹತ್ತಿರ. ಈಗ ಬೇಡವಾದರೂ ಮುಂದೆ ನೆನಪಾಗುತ್ತದೆ.

"ಭಾನುವಾರ ಅಲ್ಲಿ ಕಾಲಿಡೋಕಾಗಲ್ಲ" ಅಂತ ನಿನ್ನ ಗೆಳತಿ ಹೆದರಿಸಿದ್ದಾಳಂತೆ. ಜನ ಸೇರೋದು ನಿಜ. ಕಟ್ಟಡ ಕೆಲಸ, ಹಡಗು ಕಟ್ಟೆ ಕೆಲಸದ ತಮಿಳು, ಬಾಂಗ್ಲಾ ಹುಡುಗರಿಗೆ ವಾರಕ್ಕೆ ಸಿಗೋದು ಅದೊಂದು ರಜೆ. ಊರಿಗೆ ದುಡ್ಡು ಕಳಿಸುತ್ತಾರೆ, ಸ್ನೇಹಿತರನ್ನು ನೋಡುತ್ತಾರೆ, ಊಟ ಮಾಡುತ್ತಾರೆ. 2013ರ ಡಿಸೆಂಬರ್ 8ರಂದು ಬಸ್ಸು ಬಡಿದು ಒಬ್ಬ ಕಾರ್ಮಿಕ ಸತ್ತು ದೊಡ್ಡ ಗಲಾಟೆಯಾಗಿತ್ತು. ಆಮೇಲೆ 2015ರಿಂದ ಮದ್ಯದ ಕಾನೂನು ಬಿಗಿ ಮಾಡಿದರು. ಈಗ ಪೊಲೀಸ್ ಕಣ್ಣು ಸದಾ ಇರುತ್ತದೆ. ಆ ಹುಡುಗರಿಗೆ ಹೆದರುವವರ ಮಾತು ನನಗೆ ಹಿಡಿಸಲ್ಲ. ನಾವೂ ದುಡಿಯೋಕೇ ಬಂದವರು, ಪಾಸಿನ ಬಣ್ಣ ಬೇರೆ ಅಷ್ಟೇ. ತರಕಾರಿಯನ್ನು ಶನಿವಾರ ಬೆಳಿಗ್ಗೆಯೇ ತಂದಿಟ್ಟುಕೋ, ಭಾನುವಾರದ ನೂಕುನುಗ್ಗಲು ತಪ್ಪುತ್ತದೆ. ಮನೆ ಒಪ್ಪುವ ಮುಂಚೆ ಒಂದು ಸಲ ರಾತ್ರಿ ಹತ್ತರ ಮೇಲೆ ಆ ಗಲ್ಲಿ ನೋಡಿ ಬಾ. ಒಂದೆರಡು ಅಡ್ಡರಸ್ತೆಗಳು ಹಗಲು ಒಂದು ತರ, ರಾತ್ರಿ ಇನ್ನೊಂದು ತರ.

ನಿಜವಾದ ತಲೆನೋವು ಬೇರೆಯದು, ಅದನ್ನು ಯಾರೂ ಮೊದಲೇ ಹೇಳಲ್ಲ. ಕೆಲವು ಮಾಲೀಕರು ಭಾರತೀಯರು ಅಂದರೆ ಮನೆಯನ್ನೇ ಕೊಡಲ್ಲ. ನೇರ ಹೇಳುವವರು ಕಡಿಮೆ. "ಲೈಟ್ ಕುಕಿಂಗ್ ಓಕೆ" ಅಂತ ಕೇಳುತ್ತಾರೆ. ಅಂದರೆ ನೂಡಲ್ಸ್ ಕುದಿಸಬಹುದು, ಒಗ್ಗರಣೆ ಹಾಕೋ ಹಾಗಿಲ್ಲ. ನಾನು ಮೊದಲು ಇದ್ದ ಮನೆಯ ಮಾಲೀಕರು ಸಾಂಬಾರಿನ ಘಾಟು ಗೋಡೆಗೆ ಹಿಡಿಯಿತು ಅಂತ ಡಿಪಾಸಿಟ್ಟಿನಲ್ಲಿ ಬಣ್ಣದ ಖರ್ಚು ಮುರಿದುಕೊಂಡರು. ಆದ್ದರಿಂದ ಅಡುಗೆಗೆ ಪೂರ್ತಿ ಅನುಮತಿ ಅಂತ ಕರಾರಿನಲ್ಲೇ ಬರೆಸು. ಹೋದ ದಿನವೇ ಗೋಡೆ, ಏಸಿ, ಒಲೆ, ಎಲ್ಲದರ ಫೋಟೋ ತೆಗೆದು ಮಾಲೀಕರಿಗೆ ಕಳಿಸು. ಲಿಟಲ್ ಇಂಡಿಯಾ ಕಡೆ ಈ ಕಿರಿಕಿರಿ ಕಡಿಮೆ. ನಾನು ನಿನಗೆ ಆ ಜಾಗ ಸರಿ ಅನ್ನೋಕೆ ಅರ್ಧ ಕಾರಣ ಇದೇ.

ಬಾಡಿಗೆಯ ಲೆಕ್ಕ ಹೀಗೆ. ಎಚ್‌ಡಿಬಿಯಲ್ಲಿ ಕನಿಷ್ಠ ಆರು ತಿಂಗಳು, ಕಾಂಡೋದಲ್ಲಿ ಮೂರು ತಿಂಗಳು. ಎರಡು ವರ್ಷದ ಕರಾರಿಗೆ ಎರಡು ತಿಂಗಳ ಡಿಪಾಸಿಟ್ ರೂಢಿ. ಕರಾರಿನ ಸ್ಟಾಂಪ್ ಡ್ಯೂಟಿ ಒಟ್ಟು ಬಾಡಿಗೆಯ ನೂರಕ್ಕೆ 0.4, ಅಂದರೆ ಮೂರು ಸಾವಿರದ ಮನೆಗೆ ಎರಡು ವರ್ಷಕ್ಕೆ 288 ಡಾಲರ್. ಅದು ಬಾಡಿಗೆದಾರರ ಪಾಲಿಗೇ ಬೀಳುತ್ತದೆ. 3-ರೂಮ್ ಎಚ್‌ಡಿಬಿ ಅಂದರೆ ಎರಡು ಬೆಡ್‌ರೂಮ್ ಮತ್ತು ಹಾಲ್, ಮೂರು ಬೆಡ್‌ರೂಮ್ ಅಂದುಕೊಂಡು ಹೋಗಬೇಡ. ಡಿಪ್ಲೊಮ್ಯಾಟಿಕ್ ಕ್ಲಾಜ್ ಅನ್ನೋ ಷರತ್ತು ಕರಾರಿನಲ್ಲಿ ಇಲ್ಲದೆ ಸಹಿ ಹಾಕಲೇಬೇಡಿ. ಕೆಲಸ ಹೋಗಿ ದೇಶ ಬಿಡಬೇಕಾದರೆ ಕರಾರಿನಿಂದ ಹೊರಬರಲು ಇರುವ ದಾರಿ ಅದೊಂದೇ. ಸಾಮಾನ್ಯವಾಗಿ ಮೊದಲ ವರ್ಷ ಕಳೆದ ಮೇಲೆ ಎರಡು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಏಜೆಂಟರ ಹೆಸರು ಸಿಇಎ (ಮನೆ ಏಜೆಂಟರನ್ನು ನೋಂದಾಯಿಸುವ ಸರ್ಕಾರಿ ಸಂಸ್ಥೆ) ಪಟ್ಟಿಯಲ್ಲಿ ಇದೆಯಾ ನೋಡು. ಮನೆ ಕಣ್ಣಾರೆ ನೋಡದೆ ಒಂದು ಡಾಲರೂ ಕಳಿಸಬೇಡ. ದಾವಣಗೆರೆಯಲ್ಲಿ ಕೂತು ಫೋಟೋ ನೋಡಿ ದುಡ್ಡು ಹಾಕಿ ಕಳೆದುಕೊಂಡವರಿದ್ದಾರೆ. ಮೊದಲ ಕೆಲವು ವಾರ ಒಂದು ರೂಮು ಹಿಡಿದು, ಆಮೇಲೆ ಹುಡುಕಿ.

ನಿನ್ನ ಕೆಲಸದ ಬಗ್ಗೆ ಒಂದು ಮಾತು. ನಿನಗೆ ಹೆಂಡತಿ ಅಂತ ಕೊಡುವ ಡಿಪೆಂಡೆಂಟ್ ಪಾಸ್ ಸಿಗಲು ನಿಮ್ಮವರ ಸಂಬಳ ತಿಂಗಳಿಗೆ 6,000 ಡಾಲರ್ ಇರಬೇಕು. ಆ ಪಾಸ್ ಮೇಲೆ ಬಂದು ಸುಮ್ನೆ ಕೆಲಸಕ್ಕೆ ಸೇರುವ ಅನುಕೂಲ 2021ರ ಮೇಯಿಂದ ಇಲ್ಲ. ನಿನಗೂ ಕಂಪನಿಯವರೇ ಬೇರೆ ವರ್ಕ್ ಪಾಸ್ ಮಾಡಿಸಬೇಕು. ಅತ್ತೆ ಮಾವನವರನ್ನು ದೀರ್ಘಕಾಲ ಇರಿಸಿಕೊಳ್ಳಬೇಕಾದರೆ ಸಂಬಳ 12,000 ಆಗಬೇಕು. ಅಲ್ಲಿವರೆಗೆ ವಿಸಿಟ್ ವೀಸಾದಲ್ಲಿ ಬಂದು ಹೋಗಲಿ.

ಇನ್ನು ಮಾವನವರ ಸೈಟು. ಅದನ್ನು ಮಾರಿ ಇಲ್ಲಿಗೆ ಕಳಿಸಬೇಕಾದರೂ ಆರ್‌ಬಿಐ ಮಿತಿ ಒಬ್ಬರಿಗೆ ವರ್ಷಕ್ಕೆ ಎರಡೂವರೆ ಲಕ್ಷ ಅಮೆರಿಕನ್ ಡಾಲರ್. ಹತ್ತು ಲಕ್ಷ ರೂಪಾಯಿ ಮೇಲಿನ ಮೊತ್ತಕ್ಕೆ ಬ್ಯಾಂಕಿನವರು ಮೊದಲೇ ನೂರಕ್ಕೆ 20 ಟಿಸಿಎಸ್ (ಮುಂಗಡ ತೆರಿಗೆ) ಹಿಡಿಯುತ್ತಾರೆ. ರಿಟರ್ನ್ ಹಾಕಿದಾಗ ಸರಿಹೊಂದುತ್ತದೆ, ಆದರೆ ಅಲ್ಲಿವರೆಗೆ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ. ಸೈಟು ಅಲ್ಲೇ ಇರಲಿ.

ನಿಮ್ಮ ಉಳಿತಾಯಕ್ಕೆ ಇಲ್ಲೇ ದಾರಿಗಳಿವೆ. ಸಿಂಗಾಪುರ್ ಸೇವಿಂಗ್ಸ್ ಬಾಂಡ್ 500 ಡಾಲರ್‌ನಿಂದ ಶುರು, ವಿದೇಶಿಯರೂ ಕೊಳ್ಳಬಹುದು, ಬೇಕೆಂದಾಗ ವಾಪಸ್ ತೆಗೆಯಬಹುದು. ಬಡ್ಡಿ ಜಾಸ್ತಿ ಏನಲ್ಲ, ದುಡ್ಡು ಭದ್ರ. ಇಲ್ಲಿನ ಕಟ್ಟಡಗಳಲ್ಲೇ ದುಡ್ಡು ಹಾಕಬೇಕು ಅನ್ನೋ ಆಸೆ ಇದ್ದರೆ ಷೇರುಪೇಟೆಯಲ್ಲಿ ರೀಟ್‌ಗಳಿವೆ, ಅಂದರೆ ಕಟ್ಟಡಗಳ ಒಡೆತನದ ಷೇರಿನಂಥ ಪಾಲುಗಳು. ಮಾಲ್, ಆಫೀಸು, ಗೋದಾಮುಗಳ ಬಾಡಿಗೆಯ ಪಾಲು ಬರುತ್ತದೆ. ಏರಿಳಿತ ಇರುತ್ತದೆ, ಎಲ್ಲಾ ಅದರಲ್ಲೇ ಸುರಿಯಬೇಡಿ. ಎಬಿಎಸ್‌ಡಿ ಅಂತೂ ಇಲ್ಲ. ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಎನ್‌ಆರ್‌ಐಗಳ ಊರಿನ ದುಡ್ಡಿನ ಖಾತೆ) ಮಾಡಿಸಿ, ಇಲ್ಲಿಂದ ಕಳಿಸುವುದಕ್ಕೆ ಎನ್‌ಆರ್‌ಇ ಖಾತೆ ತೆಗೆಸಿ. ಆಮೇಲೆ ಚನ್ನಗಿರಿ ಕಡೆ ಅಡಿಕೆ ತೋಟ ಕೊಳ್ಳೋಣ ಅಂತ ನಿಮ್ಮವರು ಹೊರಟರೆ ತಡೆ. ಎನ್‌ಆರ್‌ಐಗಳು ಕೃಷಿ ಜಮೀನು, ತೋಟ ಕೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ. ಮನೆ, ಸೈಟು ಕೊಳ್ಳಬಹುದು.

ಟಿಕೆಟ್ ಆದ ಮೇಲೆ ತಾರೀಖು ತಿಳಿಸು. ರೂಮಿಗೆ ನನಗೆ ಗೊತ್ತಿರುವ ಒಂದೆರಡು ಮನೆಯವರನ್ನು ಕೇಳಿ ನೋಡುತ್ತೇನೆ. ಅಡುಗೆಗೆ ಬಿಡುತ್ತಾರಾ ಅಂತ ಮೊದಲೇ ಕೇಳುತ್ತೇನೆ, ಚಿಂತೆ ಬೇಡ.